ಗೆಳತಿಯ ಧಾರವಾಡದಲ್ಲಿ ಎರಡು ದಿನ

ಶುಕ್ರವಾರ ರಾತ್ರಿ

“ಶನಿವಾರ ಬೆಳಿಗ್ಗೆ ಬಾ, ರವಿವಾರ ರಾತ್ರಿ ಹೋಗು” ಎಂದಳು ಗೆಳತಿ ಫೋನಿನಲ್ಲಿ. ಆ ‘ರವಿವಾರ’ ನನ್ನ ಕಿವಿಯಲ್ಲೇ ಉಳಿಯಿತು. ನಾವಿಬ್ಬರೂ ತುಮಕೂರಿನವರು. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ಒಂದೇ ಬೆಂಚಿನಲ್ಲಿ ಕೂತವರು. ನಮ್ಮಿಬ್ಬರ ಬಾಯಲ್ಲಿ ಅದು ಯಾವತ್ತೂ ಭಾನುವಾರವೇ ಆಗಿತ್ತು.

ಡಿಗ್ರಿ ಆದ ಮೇಲೆ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಅವಳು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದಳು. ಹೋಗಿ ಒಂದು ವರ್ಷ ಆಯಿತು. ಅಷ್ಟರಲ್ಲಿ ಅವಳ ಮಾತು ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಾ ಬಂತು. ಮೊದಲು ‘ತುಂಬಾ’ ಹೋಗಿ ‘ಭಾಳ’ ಬಂತು. ಆಮೇಲೆ ‘ಚೆನ್ನಾಗಿದೆ’ ಹೋಗಿ ‘ಛಲೋ ಐತಿ’ ಬಂತು. ಕೇಳುವಾಗ ನಗು ಬರುತ್ತಿತ್ತು. ಫೋನ್ ಇಟ್ಟ ಮೇಲೆ ಮಾತ್ರ ಸಣ್ಣ ಸಂಕಟ. ನಾನು ಒಮ್ಮೆಯೂ ನೋಡದ ಊರಿನವಳಾಗುತ್ತಿದ್ದಾಳೆ ಇವಳು, ಅಲ್ವಾ? ಹೋಗಿ ನೋಡಲೇಬೇಕು ಅನಿಸಿದ್ದು ಅದಕ್ಕೇ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಧಾರವಾಡ. ದಾರಿಯಲ್ಲಿ ತುಮಕೂರು ಸಿಗುತ್ತದೆ. ಅಷ್ಟು ಹೊತ್ತಿನಲ್ಲೂ ಅವಳ ಅಪ್ಪ ಪ್ಲಾಟ್‌ಫಾರ್ಮಿಗೆ ಬಂದಿದ್ದರು, ತಲೆಗೆ ಟವೆಲ್ ಸುತ್ತಿಕೊಂಡು. ಬಾಗಿಲ ಹತ್ತಿರ ನಿಂತಿದ್ದ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು. “ರಾಗಿ ಹಿಟ್ಟಮ್ಮ. ಅಲ್ಲೂ ಸಿಗುತ್ತಂತೆ. ಆದ್ರೂ ಇದು ನಮ್ಮ ಹೊಲದ್ದು.” ಇನ್ನೇನೋ ಹೇಳುವುದಿತ್ತು ಅವರಿಗೆ. ಅಷ್ಟರಲ್ಲಿ ರೈಲು ಹೊರಟಿತು. ಡಬ್ಬಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಶನಿವಾರ

ಹುಬ್ಬಳ್ಳಿ ದಾಟುವಾಗ ಎಚ್ಚರವಾಯಿತು. ಕಿಟಕಿಯ ಆಚೆ ಕಪ್ಪು ಮಣ್ಣು, ಅದರ ಮೇಲೆ ಹಸಿರು, ಅದರ ಮೇಲೆ ಜಿಟಿಜಿಟಿ ಮಳೆ. ಧಾರವಾಡದಲ್ಲಿ ಇಳಿದಾಗಲೂ ಅದೇ ಮಳೆ. ಕೊಡೆ ಬಿಚ್ಚುವಷ್ಟು ಜಾಸ್ತಿಯಿಲ್ಲ, ಬಿಚ್ಚದಿದ್ದರೆ ಹತ್ತು ನಿಮಿಷಕ್ಕೆ ಒದ್ದೆ. ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಡುವಣಕ್ಕೆ ಸ್ವಲ್ಪ ದೂರ ಹೋದರೆ ಮಲೆನಾಡು, ಮೂಡಣಕ್ಕೆ ಬಯಲುಸೀಮೆ. ಎರಡರ ನಡುವಿನ ಬಾಗಿಲು ಅನ್ನುವ ಅರ್ಥದಲ್ಲೇ ‘ದ್ವಾರವಾಟ’ ಧಾರವಾಡ ಆಯಿತು ಎನ್ನುತ್ತಾರೆ. ಜುಲೈ ಕೊನೆಯಲ್ಲಿ ಬಂದರೆ ಮಲೆನಾಡಿನ ಕಡೆಯ ಬಾಗಿಲು ಪೂರ್ತಿ ತೆರೆದಿರುತ್ತದೆ.

ಅವಳು ಸ್ಟೇಷನ್ನಿಗೆ ಬಂದಿದ್ದಳು. ತೆಳ್ಳಗಾಗಿದ್ದಳು. ಬೆರಳಿನ ತುದಿಗಳಲ್ಲಿ ಪತ್ರಿಕೆಯ ಶಾಯಿಯ ಕಪ್ಪು. ಅದೇನು ಅಂತ ಆಗ ಕೇಳಲಿಲ್ಲ.

ಅವಳ ರೂಮು ಸಪ್ತಾಪುರದಲ್ಲಿ. ಬಾಡಿಗೆ ರೂಮುಗಳು, ಕೋಚಿಂಗ್ ಕ್ಲಾಸುಗಳು, ಝೆರಾಕ್ಸ್ ಅಂಗಡಿಗಳು, ಕೈಯಲ್ಲಿ ನೋಟ್ಸ್ ಹಿಡಿದು ಓಡಾಡುವ ಹುಡುಗರು. ಇಡೀ ಬಡಾವಣೆಯೇ ಪರೀಕ್ಷೆಗೆ ಓದುತ್ತಿರುವ ಹಾಗೆ ಕಾಣುತ್ತದೆ. ಕೆಳಗೆ ಮನೆಯೊಡತಿ, ಮೇಲೆ ಇವಳು. ಮನೆಯೊಡತಿಯನ್ನು ಇವಳು ‘ಕಾಕು’ ಎಂದು ಕರೆಯುತ್ತಾಳೆ. “ಬರ್ರಿ ಬರ್ರಿ, ತೊಯ್ಸಿಕೊಂಡ ಬಂದೀರಿ” ಎನ್ನುತ್ತಾ ಕಾಕು ನಮ್ಮನ್ನು ಸೀದಾ ಅಡುಗೆಮನೆಗೆ ಕರೆದರು. ಚಹಾ, ಜೊತೆಗೆ ಸುಸಲಾ. ನಮ್ಮ ಕಡೆ ಕಡಲೆಪುರಿ ಎನ್ನುವುದನ್ನು ಇಲ್ಲಿ ಚುನಮರಿ ಎನ್ನುತ್ತಾರೆ. ಅದನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಹಾಕುತ್ತಾರೆ. ಅದೇ ಸುಸಲಾ. ಎರಡು ತಟ್ಟೆ ತಿಂದೆ.

ಆಮೇಲೆ ಕ್ಯಾಂಪಸ್ಸು. ವಿಶ್ವವಿದ್ಯಾಲಯ ಇರುವುದು ಛೋಟಾ ಮಹಾಬಳೇಶ್ವರ ಎಂದು ಕರೆಯುವ ಗುಡ್ಡದ ಮೇಲೆ. ಮರಗಳ ನಡುವೆ ಏರುದಾರಿ. ಮೇಲೆ ಹೋದಂತೆ ಗುಮ್ಮಟ ಹೊತ್ತ ಆಡಳಿತ ಕಟ್ಟಡ ನಿಧಾನವಾಗಿ ಎದ್ದು ಬರುತ್ತದೆ. ಈ ವಿಶ್ವವಿದ್ಯಾಲಯ 1949ರಲ್ಲಿ ಶುರುವಾಗಿದ್ದು ಮುಂಬೈಯಲ್ಲಿ. ಆಗ ಈ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು, ಇಲ್ಲಿನ ಕಾಲೇಜುಗಳು ಮುಂಬೈ ವಿಶ್ವವಿದ್ಯಾಲಯದ ಕೆಳಗಿದ್ದವು. ಮರುವರ್ಷ ಅದು ಧಾರವಾಡಕ್ಕೆ ಬಂತು. ಅದನ್ನು ಬೆಳೆಸಿದ ಕುಲಪತಿ ಡಿ.ಸಿ. ಪಾವಟೆ ಗಣಿತದವರು, ಮುಂದೆ ಪಂಜಾಬಿನ ರಾಜ್ಯಪಾಲರಾದರು. ಕ್ಯಾಂಪಸ್ಸಿನ ಸುತ್ತಿನ ಜಾಗಕ್ಕೆ ಈಗ ಅವರದೇ ಹೆಸರು, ಪಾವಟೆ ನಗರ. ಇದನ್ನೆಲ್ಲ ಅವಳು ಏದುಸಿರು ಬಿಡದೆ ಹೇಳುತ್ತಾ ಹತ್ತಿದಳು. ದಿನಾ ಹತ್ತುವ ಗುಡ್ಡ ಅವಳಿಗೆ.

ಆದರೆ ಅವಳು ನಿಜವಾಗಿ ತೋರಿಸಬೇಕು ಅಂತಿದ್ದದ್ದು ಅವಳ ವಿಭಾಗದ ಒಂದು ಮೂಲೆಯನ್ನು. ಅಲ್ಲಿ ಮರದ ಪಟ್ಟಿಗಳ ಎರಡು ಚೌಕಟ್ಟು, ನಡುವೆ ಹಳೆಯ ಪತ್ರಿಕೆಗಳ ದಪ್ಪ ಕಂತೆ, ಸುತ್ತ ಬಿಗಿದ ಪಟ್ಟಿ. ಅದು ಗಿಡ ಒಣಗಿಸುವ ಪ್ರೆಸ್. ಬಿಚ್ಚಿದಳು. ಪ್ರತಿ ಪತ್ರಿಕೆಯ ಮಡಿಕೆಯಲ್ಲೂ ಒಂದೊಂದು ಗಿಡ, ಬೇರಿನ ಸಮೇತ, ಎಲೆ ಹರಡಿಕೊಂಡು ಮಲಗಿತ್ತು. ಒಂದೆರಡು ಎಲೆಯನ್ನು ಬೇಕೆಂದೇ ಮಗುಚಿ ಇಟ್ಟಿರುತ್ತಾರಂತೆ, ಹಿಂಬದಿಯ ನರಗಳೂ ಕಾಣಲಿ ಅಂತ. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ ಕೆಳಗೆ ಒಂದು ಚೀಟಿ. ಚೀಟಿಯಲ್ಲಿ ಗಿಡದ ವೈಜ್ಞಾನಿಕ ಹೆಸರು, ಸಿಕ್ಕ ಜಾಗ, ತಾರೀಕು, ಕಿತ್ತವರ ಹೆಸರು. ಇಷ್ಟಕ್ಕೆ ಎಲ್ಲರೂ ನಿಲ್ಲಿಸುತ್ತಾರೆ. ಅವಳ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು: ಊರವರು ಕರೆಯುವ ಹೆಸರು.

“ಕರಿಕಿ” ಎಂದು ಬರೆದಿದ್ದ ಹಾಳೆ ನೋಡಿ, “ಇದು ಗರಿಕೆ ಅಲ್ವೇನೇ?” ಎಂದೆ.

“ನಮಗೆ ಗರಿಕೆ. ಇಲ್ಲಿ ಕರಿಕಿ.”

ಮೊದಲ ಸೆಮಿಸ್ಟರಿನಲ್ಲಿ ಅವಳು ಹಳ್ಳಿಗಳಿಗೆ ಹೋಗಿ ಗಿಡದ ಹೆಸರು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲವಂತೆ. ಇವಳ ಮಾತು ಕೇಳಿ ಬೆಂಗಳೂರಿನಿಂದ ಬಂದ ಆಫೀಸಿನವರು ಅಂದುಕೊಂಡು, ಪುಸ್ತಕದಲ್ಲಿರುವ ಹೆಸರನ್ನೇ ಹೇಳಿ ಮುಗಿಸುತ್ತಿದ್ದರಂತೆ. ಅವರಿಗೆ ಪಟ್ಟನೆ ಬಾಯಿಗೆ ಬರುವ ಹೆಸರು ಬೇಕಾದರೆ ಅವರ ಮಾತಿನಲ್ಲೇ ಕೇಳಬೇಕು. ಹಾಗಾಗಿ ಕಾಕು ಹತ್ತಿರ ಕೂತು ಕಲಿತಳು. ಅವಳ ಮಾತು ಬದಲಾದದ್ದು ಎಲ್ಲಿಂದ ಅಂತ ನನಗೆ ಗೊತ್ತಾಗಿದ್ದು ಆ ಮೂಲೆಯಲ್ಲಿ. ಸುಮ್ನೆ ಗಾಳಿ ಬೀಸಿದ ಕಡೆ ಹೋಗಿದ್ದಾಳೆ ಅಂದುಕೊಂಡಿದ್ದೆ. ಇವಳು ಒಂದೊಂದು ಮಾತನ್ನೂ ಕೂತು ಕಲಿತಿದ್ದಳು.

ಗ್ರಂಥಾಲಯದಲ್ಲಿ ಅವಳು ಆಗಾಗ ತೆಗೆದು ನೋಡುವುದು ಕಿಟೆಲ್ ನಿಘಂಟನ್ನು. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಪಾದ್ರಿ. ಧಾರವಾಡದಲ್ಲೂ ಇದ್ದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಅದರಲ್ಲಿ ಎಷ್ಟೋ ಗಿಡಗಳ ಕನ್ನಡ ಹೆಸರಿನ ಮುಂದೆ ಲ್ಯಾಟಿನ್ ಹೆಸರೂ ಇದೆ. “ಅವರೂ ಯಾರನ್ನೋ ನಿಲ್ಲಿಸಿ ಕೇಳಿರಬೇಕು ಕಣೇ, ಇದಕ್ಕೆ ಏನಂತೀರಿ ಅಂತ” ಎಂದಳು. ಆ ‘ಕಣೇ’ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅದನ್ನು ಅವಳಿಗೆ ಹೇಳಿಯೇಬಿಟ್ಟೆ.

ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು ಮತ್ತು ಉಳ್ಳಾಗಡ್ಡಿ. ಬಡಿಸುವವರು ರೊಟ್ಟಿ ಹಾಕುತ್ತಲೇ ಇದ್ದರು. ಸಾಕು ಅಂದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅನ್ನುವಷ್ಟು ಪ್ರೀತಿಯಿಂದ.

ಊಟ ಮುಗಿಸಿ ಸಾಧನಕೇರಿಗೆ ನಡೆದೆವು. ಆ ಹೆಸರು ಶಾಲೆಯಲ್ಲಿದ್ದಾಗಲೇ ಬೇಂದ್ರೆಯವರಿಂದ ನಮ್ಮ ಕಿವಿಗೆ ಬಿದ್ದದ್ದು. 1896ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಇಲ್ಲಿನ ಮಾತನ್ನೇ ಕಾವ್ಯದ ಮಾತು ಮಾಡಿದವರು. ಅವರಿಗೆ ಜ್ಞಾನಪೀಠ ಬಂದಿದ್ದು 1973ರಲ್ಲಿ. ಕೆರೆಯ ಪಕ್ಕದಲ್ಲೇ ಅವರ ಮನೆ, ಅದರ ಹತ್ತಿರ ಬೇಂದ್ರೆ ಭವನ. ಕೆರೆಯ ನೀರಿನ ಮೇಲೆ ಮಳೆಹನಿ ಬೀಳುತ್ತಿತ್ತು. ದಂಡೆಯಲ್ಲಿ ಹತ್ತು ನಿಮಿಷ ಮಾತಿಲ್ಲದೆ ನಿಂತೆವು. ಇಬ್ಬರು ಗೆಳತಿಯರು ಮಾತಿಲ್ಲದೆ ಆರಾಮಾಗಿ ನಿಲ್ಲಬಹುದು ಅನ್ನುವುದನ್ನು ಫೋನು ನನಗೆ ಮರೆಸಿಬಿಟ್ಟಿತ್ತು.

ಅಲ್ಲಿಂದ ಕೆಲಗೇರಿ ಕೆರೆ. ಅವಳ ಕೆಲಸದ ಜಾಗ ಅದು. ಏರಿಯ ಮೇಲೆ ಒಬ್ಬ ಅಜ್ಜಿ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಹುಲ್ಲು ಕೊಯ್ಯುತ್ತಿದ್ದರು. ಗೆಳತಿ ಒಂದು ಪುಟ್ಟ ಗಿಡ ಕಿತ್ತು ಅವರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

“ಯವ್ವಾ, ಇದಕ್ಕ ಏನಂತೀರಿ?”

“ಅದು ತಗಚಿ ಅಲ್ಲೇನವಾ. ಎಳೀದ ಇದ್ದಾಗ ಕೊಯ್ದು ಪಲ್ಯಾ ಮಾಡ್ತೀವಿ. ನಿಮ್ಮನ್ಯಾಗ ಮಾಡೂದಿಲ್ಲೇನು?”

“ಮಾಡ್ತೀವ್ರಿ. ನಮ್ಮ ಕಡೆ ಇದಕ್ಕ ಬ್ಯಾರೆ ಹೆಸರು.”

“ಯಾವೂರವಾ ನಿಮ್ಮದು?”

“ತುಮಕೂರ ಕಡೆಯವ್ರು ನಾವು.”

ಅಜ್ಜಿ ಕುಡುಗೋಲು ನಿಲ್ಲಿಸಿ ಅವಳ ಮುಖವನ್ನೇ ನೋಡಿದರು. “ಮಾತ ಕೇಳಿದ್ರ ಹಂಗ ಅನಸೂದಿಲ್ಲ ಬಿಡು” ಎಂದು ಮತ್ತೆ ಹುಲ್ಲಿಗೆ ಬಗ್ಗಿದರು. ನನ್ನ ಗೆಳತಿಯ ಕಿವಿ ಕೆಂಪಾಯಿತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನೋಡಿದ್ದ ಕೆಂಪು ಅದು.

ಸಂಜೆ ಸುಭಾಸ ರಸ್ತೆಯಲ್ಲಿ ಸುತ್ತಿದೆವು. ಕೊಡೆಗಳು, ಸೈಕಲ್ಲುಗಳು, ಇಳಕಲ್ ಸೀರೆಯ ಅಂಗಡಿಗಳು. ಅಲ್ಲೇ ಇರುವ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಅವಳು ಕೈ ಮಾಡಿ ತೋರಿಸಿದಳು. ಜಿ.ಬಿ. ಜೋಶಿ 1933ರಲ್ಲಿ ಶುರು ಮಾಡಿದ ಪ್ರಕಾಶನ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಬಂದು ಕೂತು ಹರಟುತ್ತಿದ್ದ ಜಾಗ. ಕಾರ್ನಾಡರು ಓದಿದ್ದು ಇದೇ ಊರಿನ ಕರ್ನಾಟಕ ಕಾಲೇಜಿನಲ್ಲಿ. ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಜನ ಓದಿ ಬರೆದಿದ್ದಾರೆ ಅನ್ನುವುದು ದಾರಿಯಲ್ಲಿ ನಡೆಯುವಾಗಲೇ ತಿಳಿಯುತ್ತದೆ. ಮನೆಗಳ ಮೇಲೆ, ಸರ್ಕಲ್ಲುಗಳ ಮೇಲೆ, ಪುಸ್ತಕದಲ್ಲಿ ಓದಿದ ಹೆಸರುಗಳು.

ರಾತ್ರಿ ಅವಳ ಬೆರಳಿನ ಶಾಯಿಯ ಗುಟ್ಟು ಗೊತ್ತಾಯಿತು. ರೂಮಿನಲ್ಲೂ ಒಂದು ಪ್ರೆಸ್ ಇತ್ತು. ಮಳೆಗಾಲದಲ್ಲಿ ಗಿಡ ಬೇಗ ಒಣಗುವುದಿಲ್ಲ. ದಿನವೂ ಪತ್ರಿಕೆ ಬದಲಿಸಬೇಕು. ಒಂದು ದಿನ ಬಿಟ್ಟರೂ ಬೂಷ್ಟು ಹಿಡಿಯುತ್ತದೆ. ವರ್ಷವಿಡೀ, ಜ್ವರ ಬಂದ ದಿನವೂ, ಅವಳು ಇದನ್ನು ಬಿಟ್ಟಿಲ್ಲ. ನೆಲದ ಮೇಲೆ ಎದುರು ಬದುರು ಕೂತೆವು. ಅವಳು ಒದ್ದೆ ಪತ್ರಿಕೆಯಿಂದ ಗಿಡವನ್ನು ಎರಡೂ ಕೈಯಲ್ಲಿ ಎತ್ತುವುದು, ನಾನು ಒಣ ಪತ್ರಿಕೆ ಹಾಸುವುದು. ಒದ್ದೆಯಾದವನ್ನು ಹಗ್ಗದ ಮೇಲೆ ಬಟ್ಟೆಯ ಹಾಗೆ ಹರವಿದೆವು. ಮೂವತ್ತೆರಡು ಗಿಡ. ರೂಮಿನ ತುಂಬ ಒಣಹುಲ್ಲಿನ ವಾಸನೆ. ಆ ಒಂದೂವರೆ ಗಂಟೆಯಲ್ಲಿ ನಾವು ಫೋನಿನಲ್ಲಿ ಒಂದು ವರ್ಷ ಆಡದ ಮಾತನ್ನೆಲ್ಲ ಆಡಿದೆವು. ಮೊದಲ ತಿಂಗಳು ಅವಳು ವಾಪಸ್ ಬರಬೇಕು ಅಂತ ಬ್ಯಾಗ್ ಕಟ್ಟಿದ್ದಳಂತೆ. ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅಂದೆ. “ನೀನು ಬಾ ಅಂದುಬಿಟ್ಟಿದ್ದರೆ ನಿಜವಾಗಿ ಬಂದುಬಿಡುತ್ತಿದ್ದೆ” ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹಾಗೇ ಮುಂದಿನ ಪತ್ರಿಕೆ ಹಾಸಿದೆ.

ರವಿವಾರ

ಕೆಳಗಿನ ಮನೆಯಿಂದ ರೇಡಿಯೋ ಸದ್ದಿಗೆ ಎಚ್ಚರ. ಆಕಾಶವಾಣಿ ಧಾರವಾಡ, 1950ರಿಂದ ಇರುವ ನಿಲಯ. ಯಾರೋ ಹಿಂದೂಸ್ತಾನಿ ಹಾಡುತ್ತಿದ್ದರು. ಮಲ್ಲಿಕಾರ್ಜುನ ಮನ್ಸೂರರ ಊರು ಇದು. ಹತ್ತಿರದ ಮನ್ಸೂರು ಹಳ್ಳಿಯಲ್ಲಿ ಹುಟ್ಟಿ, ಜೈಪುರ-ಅತ್ರೌಲಿ ಘರಾಣೆಯ ದೊಡ್ಡ ದನಿಯಾಗಿ ಬೆಳೆದು, 1992ರಲ್ಲಿ ತೀರಿಕೊಳ್ಳುವವರೆಗೂ ಇದೇ ಊರಿನಲ್ಲಿದ್ದರು. ಗಂಗೂಬಾಯಿ ಹಾನಗಲ್ ಹುಟ್ಟಿದ್ದೂ ಧಾರವಾಡದಲ್ಲೇ. ಕಾಕು ಜೊತೆಗೆ ಗುನುಗುತ್ತಾ ಕಸ ಗುಡಿಸುತ್ತಿದ್ದರು, ಅದೂ ಶ್ರುತಿ ತಪ್ಪದೆ.

ಬೆಳಿಗ್ಗೆ ನಡೆಯಲು ಹೊರಟಾಗ ಕಲ್ಯಾಣನಗರದ ಮೇಲೆ ಹಾದೆವು. ಶಾಸನ, ವಚನಗಳ ಸಂಶೋಧನೆಯಲ್ಲಿ ಬದುಕು ಕಳೆದ ಎಂ.ಎಂ. ಕಲಬುರ್ಗಿಯವರು ಇವಳ ವಿಶ್ವವಿದ್ಯಾಲಯದಲ್ಲೇ ಪಾಠ ಮಾಡಿದವರು. 2015ರ ಆಗಸ್ಟ್ 30ರಂದು, ಬೆಳಗಿನ ಹೊತ್ತು, ಇಲ್ಲಿ ಅವರ ಮನೆ ಬಾಗಿಲಲ್ಲೇ ಅವರನ್ನು ಗುಂಡು ಹಾರಿಸಿ ಕೊಂದರು. ಎಷ್ಟು ಶಾಂತವಾದ ಬೀದಿಗಳು ಇವು. ಅಂಗಳದಲ್ಲಿ ರಂಗೋಲಿ, ಗೇಟಿನಲ್ಲಿ ಹಾಲಿನ ಪ್ಯಾಕೆಟ್. ಅದನ್ನು ನೋಡುತ್ತಾ ನಡೆಯುವುದು ಕಷ್ಟವಾಯಿತು.

ಆಮೇಲೆ ಪೇಡೆ. ಲೈನ್ ಬಜಾರಿನ ಅಂಗಡಿಯ ಮುಂದೆ ಆಗಲೇ ಸಾಲು. 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಇಲ್ಲಿ ಪೇಡೆ ಮಾಡಲು ಶುರು ಮಾಡಿತು. ಎಮ್ಮೆ ಹಾಲಿನ ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಬೇರೆ ಪೇಡೆಗಳಲ್ಲಿ ಬರೀ ಸಿಹಿ. ಇದರಲ್ಲಿ ಹುರಿದ ಹಾಲಿನ ಸಣ್ಣ ಕಹಿಯೂ ಇದೆ, ನನಗೆ ಹಿಡಿಸಿದ್ದು ಅದೇ. ಎಲ್ಲಿಂದಲೋ ಬಂದವರು ಮಾಡಿದ ತಿಂಡಿ ಇವತ್ತು ಭೌಗೋಳಿಕ ಗುರುತು ಪಡೆದು ಊರಿನ ಹೆಸರನ್ನೇ ಹೊತ್ತಿದೆ. ಎರಡು ಪೊಟ್ಟಣ ಕಟ್ಟಿಸಿದಳು. ಒಂದು ನನಗೆ, ಒಂದು ಅವಳ ಅಪ್ಪನಿಗೆ.

ಮಧ್ಯಾಹ್ನದ ಅಡುಗೆ ನಮ್ಮದು. ಕಾಕು ಅಡುಗೆಮನೆ ಬಿಟ್ಟುಕೊಟ್ಟರು. ಅಪ್ಪ ಕಳಿಸಿದ ರಾಗಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಅವಳು ಮೂಗಿನ ಹತ್ತಿರ ಹಿಡಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಹಿಡಿದು ತಿರುವಿದಳು. ಕೈ ಮರೆತಿರಲಿಲ್ಲ. ಗಂಟಿಲ್ಲದ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು. ಕಾಕು ಜೀವನದಲ್ಲಿ ಮೊದಲ ಸಲ ಮುದ್ದೆ ತಿಂದದ್ದು. ಅಗಿಯಲು ಹೊರಟರು. “ಅಗೀಬ್ಯಾಡ್ರಿ ಕಾಕು, ನುಂಗ್ರಿ” ಎಂದಳು ಇವಳು. ಎರಡನೇ ತುತ್ತಿಗೆ ಅವರಿಗೆ ಬಂತು. “ಛಲೋ ಐತಿ. ಹೊಟ್ಟಿ ತಂಪಾತು” ಎಂದರು. ಆಮೇಲೆ ಆ ಡಬ್ಬಿಯನ್ನು ತೊಳೆದು ಒರೆಸಿ ಒಳಗೆ ಏನೋ ತುಂಬಿಸಿ ನನ್ನ ಬ್ಯಾಗಿಗೆ ಹಾಕಿದರು. ಖಾಲಿ ಡಬ್ಬಿ ವಾಪಸ್ ಕಳಿಸಬಾರದಂತೆ. ಆ ಮಾತು ನಮ್ಮಲ್ಲೂ ಇದೆ.

ನಾನು ರೈಲು ಹತ್ತುವುದು ಹುಬ್ಬಳ್ಳಿಯಲ್ಲಿ ಎಂದು ಮೊದಲೇ ನಿರ್ಧರಿಸಿದ್ದೆವು, ಸಂಜೆ ಅಲ್ಲೂ ಸುತ್ತಬಹುದು ಅಂತ. ಎರಡು ಊರಿಗೂ 1962ರಿಂದ ಒಂದೇ ಮಹಾನಗರ ಪಾಲಿಕೆ. ನಡುವೆ ಸುಮಾರು 20 ಕಿಲೋಮೀಟರ್. ರಸ್ತೆಯ ಮಧ್ಯದಲ್ಲೇ ಬೇರೆ ದಾರಿ ಬಿಟ್ಟು ಓಡಿಸುವ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿದ್ದಾರೆ. ಚಿಗರಿ ಅಂದರೆ ಜಿಂಕೆ. ಬಸ್ಸಿಗೆ ಇದಕ್ಕಿಂತ ಒಳ್ಳೆಯ ಹೆಸರು ನಾನು ಕೇಳಿಲ್ಲ.

ಉಣಕಲ್ಲಿನಲ್ಲಿ ಇಳಿದು ಚಂದ್ರಮೌಳೇಶ್ವರ ಗುಡಿ ನೋಡಿದೆವು. ಚಾಲುಕ್ಯರ ಕಾಲದ ಕಪ್ಪು ಕಲ್ಲಿನ ಗುಡಿ, ನಾಲ್ಕು ದಿಕ್ಕಿಗೂ ಬಾಗಿಲು. ಸುತ್ತ ಮನೆಗಳು ಎಷ್ಟು ಒತ್ತಿಕೊಂಡಿವೆ ಅಂದರೆ, ಓಣಿಯಲ್ಲಿ ಹೋಗುತ್ತಿದ್ದ ಹಾಗೆ ಗುಡಿ ಒಮ್ಮೆಲೇ ಎದುರಾಗುತ್ತದೆ. ಉಣಕಲ್ ಕೆರೆಯಲ್ಲಿ ಮಳೆ ಜೋರಾಯಿತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ದುರ್ಗದ ಬೈಲಿನಲ್ಲಿ ಗಿರಮಿಟ್, ಮಿರ್ಚಿ. ಕಣ್ಣಲ್ಲಿ ನೀರು ಬಂದರೂ ಮಿರ್ಚಿ ಬಿಡಲಿಲ್ಲ.

ಅವಳಿಗೆ ಧಾರವಾಡಕ್ಕೆ ಚಿಗರಿ ಹಿಡಿಯಬೇಕಿತ್ತು. ಮೂವತ್ತೆರಡು ಗಿಡಗಳಿಗೆ ಪತ್ರಿಕೆ ಬದಲಿಸಬೇಕಿತ್ತು. ಹಾಗಾಗಿ ನನ್ನನ್ನು ಕಳಿಸಿಕೊಡಲು ಬಂದವಳನ್ನು ನಾನೇ ಬಸ್ಸು ಹತ್ತಿಸಿದೆ. ಬಾಗಿಲು ಮುಚ್ಚುವ ಮುಂಚೆ “ಅಪ್ಪ ಸ್ಟೇಷನ್ನಿಗೆ ಬಂದೇ ಬರ್ತಾರೆ, ನಿದ್ದೆ ಮಾಡಿಬಿಡಬೇಡ ಕಣೇ” ಎಂದಳು.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಸುದ್ದಿಯಾಗಿತ್ತು. ರೈಲಿಗೆ ಇನ್ನೂ ಸಮಯವಿತ್ತು. ಆ ತುದಿ ಕಾಣುವವರೆಗೆ ನಡೆದು ವಾಪಸ್ ಬಂದೆ. ಬೆನ್ನಿನ ಬ್ಯಾಗಿನಲ್ಲಿ ಡಬ್ಬಿ ಸದ್ದು ಮಾಡುತ್ತಿತ್ತು.

ನಸುಕಿನಲ್ಲಿ ತುಮಕೂರು ಬಂತು. ನಾನು ಬಾಗಿಲಲ್ಲೇ ನಿಂತಿದ್ದೆ. ಅದೇ ಟವೆಲ್, ಅದೇ ಜಾಗ. ಪೇಡೆಯ ಪೊಟ್ಟಣವನ್ನೂ ಡಬ್ಬಿಯನ್ನೂ ಅವರ ಕೈಗೆ ಕೊಟ್ಟೆ. ಭಾರ ನೋಡಿ ಅವರಿಗೆ ಆಶ್ಚರ್ಯ. ಅಲ್ಲೇ ಮುಚ್ಚಳ ತೆಗೆದರು. ಕಪ್ಪಗಿನ ಚಟ್ನಿಪುಡಿ.

“ಏನಮ್ಮ ಇದು?”

“ಗುರೆಳ್ಳು ಹಿಂಡಿ ಅಂಕಲ್. ಕಾಕು ಕೊಟ್ಟಿದ್ದು.”

ಅವರಿಗೆ ಅರ್ಥವಾಗಲಿಲ್ಲ. ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ರೈಲು ಮೆಲ್ಲಗೆ ಅಲುಗಿತು. ಅವರ ಮುಖ ಅರಳಿತು.

“ಹುಚ್ಚೆಳ್ಳು!” ಎಂದು ಕೂಗಿದರು. “ಇದು ನಮ್ಮ ಹುಚ್ಚೆಳ್ಳು ಕಣಮ್ಮ!”